ಸಿಂಥೆಟಿಕ್ ಆಯಿಲ್‌ಗೆ ಸಾವಿರ ರೂಪಾಯಿ ಜಾಸ್ತಿ ಕೊಡಬೇಕಾ?

ಪ್ರಶ್ನೆ: ನಾನು ಹಾಸನದ ಹತ್ತಿರ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ನಮ್ಮದು 2015ರ ಪೆಟ್ರೋಲ್ ಕಾರು, 92,000 ಕಿ.ಮೀ. ಓಡಿದೆ. ಶಾಲೆಗೆ ಆರು ಕಿ.ಮೀ. ದೂರ, ದಿನಾ ಹೋಗಿ ಬರುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಸಲ ಬೆಂಗಳೂರಿಗೆ ಹೋಗುತ್ತೇವೆ. ಎಲ್ಲ ಸೇರಿದರೆ ವರ್ಷಕ್ಕೆ 5,000 ಕಿ.ಮೀ. ಇಷ್ಟು ದಿನ ನಮ್ಮೂರಿನ ಮೆಕ್ಯಾನಿಕ್ ಅಣ್ಣನ ಹತ್ತಿರವೇ ಆಯಿಲ್ ಬದಲಾಯಿಸುತ್ತಿದ್ದೆ. ಬಿಲ್ಲಿನಲ್ಲಿ 20ಡಬ್ಲ್ಯೂ-40 ಮಿನರಲ್ ಅಂತ ಇದೆ, 1,400 ರೂಪಾಯಿ. ಈ ಸಲ ಕಂಪನಿ ಸರ್ವಿಸ್‌ಗೆ ಬಿಟ್ಟರೆ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ ಹಾಕಿಸಿ ಅಂತ 2,600ರ ಎಸ್ಟಿಮೇಟ್ ಕೊಟ್ಟರು. ಅಣ್ಣ ಹೇಳುತ್ತಾರೆ, "ಹಳೇ ಎಂಜಿನ್‌ಗೆ ಸಿಂಥೆಟಿಕ್ ಹಾಕಿದ್ರೆ ಲೀಕ್ ಶುರು ಆಗುತ್ತೆ ಮೇಡಂ, ಐದು ಸಾವಿರಕ್ಕೊಮ್ಮೆ ಮಿನರಲ್ ಬದಲಾಯಿಸಿ ಸಾಕು." ನಮ್ಮ ಭಾವ ಹೇಳುತ್ತಾರೆ, ಒಮ್ಮೆ ಸಿಂಥೆಟಿಕ್ ಹಾಕಿದರೆ 20,000 ಕಿ.ಮೀ. ತಿರುಗಿ ನೋಡಬೇಕಾಗಿಲ್ಲ ಅಂತ. ಯಾರ ಮಾತು ಕೇಳಲಿ? ಇನ್ನೊಂದು, ನಾವೇ ಡಬ್ಬಿ ತಂದು ಹಾಕಿಸಿದರೆ ಅರ್ಧ ಲೀಟರ್ ಉಳಿಯುತ್ತದಂತೆ. ಅದನ್ನು ಯಜಮಾನರ ಬೈಕಿಗೆ ಹಾಕಬಹುದಾ?

ಉತ್ತರ: ಮೇಡಂ, ಬಿಲ್ಲು, ಕಿಲೋಮೀಟರ್ ಎಲ್ಲ ಬರೆದು ಒಳ್ಳೆಯದು ಮಾಡಿದಿರಿ. ಸುಮ್ನೆ "ಸಿಂಥೆಟಿಕ್ ಒಳ್ಳೆಯದಾ" ಅಂತ ಕೇಳಿದ್ದರೆ "ಹೌದು, ಒಳ್ಳೆಯದು" ಅಂತ ಹೇಳಿ ಮುಗಿಸಬೇಕಾಗುತ್ತಿತ್ತು, ಅದರಿಂದ ನಿಮಗೆ ಏನೂ ಉಪಯೋಗ ಆಗುತ್ತಿರಲಿಲ್ಲ. ಆಯಿಲ್ ಒಳ್ಳೆಯದೇ. ಆದರೆ ಆ ಒಳ್ಳೆಯತನ ನಿಮ್ಮ ಆರು ಕಿಲೋಮೀಟರ್ ದಾರಿಯಲ್ಲಿ ಕೆಲಸಕ್ಕೆ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಮೊದಲು ಒಂದು ಕೆಲಸ ಮಾಡಿ. ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಮ್ಯಾನ್ಯುಯಲ್ ಇರುತ್ತದೆ. ಎಂಜಿನ್ ಆಯಿಲ್ ಪುಟ ತೆಗೆಯಿರಿ. ಅಲ್ಲಿ ಬರೆದಿರುವ ಗ್ರೇಡ್ ನೋಡಿ. ಆ ಕಾಲದ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 5ಡಬ್ಲ್ಯೂ-30, ಕೆಲವಕ್ಕೆ 0ಡಬ್ಲ್ಯೂ-20 ಇರುತ್ತದೆ. ನಿಮ್ಮ ಅಣ್ಣ ಹಾಕುತ್ತಿರುವುದು 20ಡಬ್ಲ್ಯೂ-40. ನನಗೆ ಕಾಣುವ ಮುಖ್ಯ ತೊಂದರೆ ಇದು. ಮಿನರಲ್ ಹಾಕಿದ್ದು ದೊಡ್ಡ ತಪ್ಪಲ್ಲ, ಗ್ರೇಡ್ ತಪ್ಪಿದ್ದು ತಪ್ಪು.

ಆ ನಂಬರ್ ಅಂದರೆ ಏನು ಅಂತ ಹೇಳುತ್ತೇನೆ. ಡಬ್ಲ್ಯೂ ಅಂದರೆ ಇಂಗ್ಲಿಷಿನ ವಿಂಟರ್, ಚಳಿಗಾಲ. ಅದರ ಹಿಂದಿನ ನಂಬರ್ ಕಡಿಮೆ ಇದ್ದಷ್ಟೂ ತಣ್ಣಗಿರುವ ಆಯಿಲ್ ಬೇಗ ಹರಿಯುತ್ತದೆ. ಆಮೇಲಿನ ನಂಬರ್ ಎಂಜಿನ್ ಪೂರ್ತಿ ಬಿಸಿಯಾದಾಗ, 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ಗಟ್ಟಿ ಇರುತ್ತದೆ ಅಂತ ತೋರಿಸುತ್ತದೆ. "ನಮ್ಮದು ಬಿಸಿಲಿನ ದೇಶ, ಗಟ್ಟಿ ಆಯಿಲ್ ಇರಲಿ" ಅನ್ನುವ ಮಾತು ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಇದೆ. ಹಳೆಯ ಜೀಪು, ಅಂಬಾಸಡರ್ ಕಾಲದಲ್ಲಿ ಅದು ಸರಿಯಾಗಿತ್ತು. ಈಗಿನ ಎಂಜಿನ್ ಒಳಗೆ ಬೇರಿಂಗ್ ಸಂದುಗಳು ತುಂಬಾ ಸಣ್ಣವು, ಆಯಿಲ್ ದಾರಿಗಳೂ ಸಣ್ಣವು. ಎಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಮತ್ತು ಫ್ಯಾನ್ ಸೇರಿ ಅದರ ಶಾಖವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಟ್ಟಿರುತ್ತವೆ. ಹೊರಗೆ ರಾಯಚೂರಿನ ಏಪ್ರಿಲ್ ಇರಲಿ, ಮಡಿಕೇರಿಯ ಡಿಸೆಂಬರ್ ಇರಲಿ, ಒಳಗಿನ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ.

ಎಂಜಿನ್ ಸವೆತ ಜಾಸ್ತಿ ಆಗುವುದು ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ. ರಾತ್ರಿಯೆಲ್ಲ ಆಯಿಲ್ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಬೆಳಿಗ್ಗೆ ಕೀ ತಿರುಗಿಸಿದಾಗ ಪಂಪ್ ಅದನ್ನು ಮೇಲಕ್ಕೆ, ಕ್ಯಾಮ್‌ಶಾಫ್ಟ್‌ವರೆಗೂ ತಳ್ಳಬೇಕು. ಗಟ್ಟಿ ಆಯಿಲ್ ನಿಧಾನವಾಗಿ ಏರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿಂದ ಎರಡು ಮೂರು ಸೆಕೆಂಡ್ "ಟಕಟಕ" ಅಂತ ಟ್ಯಾಪೆಟ್ ಸದ್ದು ಬಂದು ನಿಲ್ಲುತ್ತದಾ? ಒಂದು ದಿನ ಕಿವಿಗೊಟ್ಟು ಕೇಳಿ. ಆಯಿಲ್ ಮೇಲೆ ಹತ್ತಲು ತಡವಾದರೆ ಹೀಗೆ ಸದ್ದು ಬರುವುದುಂಟು. ದಿನಾ ಎರಡು ಸಲ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವವರು ನೀವು. ಹಾಗಾಗಿ ಸರಿಯಾದ ಗ್ರೇಡ್ ಬೇರೆಯವರಿಗಿಂತ ನಿಮಗೇ ಜಾಸ್ತಿ ಮುಖ್ಯ.

ಈಗ ಸಿಂಥೆಟಿಕ್ ವಿಷಯಕ್ಕೆ ಬರೋಣ. ಮಿನರಲ್ ಆಯಿಲ್ ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು. ರಾಗಿಯನ್ನು ಕೇರಿ, ಜರಡಿ ಹಿಡಿದ ಹಾಗೆ. ಕಸ, ಕಲ್ಲು ಹೋಗುತ್ತದೆ, ಆದರೆ ಕಾಳುಗಳಲ್ಲಿ ಸಣ್ಣದು ದೊಡ್ಡದು ಇದ್ದೇ ಇರುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳನ್ನೇ ಒಡೆದೋ ಹೊಸದಾಗಿ ಕಟ್ಟಿಯೋ ಹೆಚ್ಚುಕಡಿಮೆ ಒಂದೇ ಅಳತೆಗೆ ತರುತ್ತಾರೆ. ಅದಕ್ಕೇ ಅದು ಬಿಸಿಗೆ ಬೇಗ ಕೆಡುವುದಿಲ್ಲ, ಆವಿಯಾಗಿ ಹೋಗುವುದು ಕಡಿಮೆ, ಚಳಿಯಲ್ಲಿ ಅಷ್ಟಾಗಿ ಗಟ್ಟಿಯಾಗುವುದಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಲಿ. "ಸಿಂಥೆಟಿಕ್" ಅನ್ನುವ ಪದ ಡಬ್ಬಿ ಮೇಲೆ ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಅಲ್ಲ. ಮೂಲ ಎಣ್ಣೆಗಳನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಐದು ಗುಂಪು ಮಾಡಿದೆ. ನಾಲ್ಕನೇ ಗುಂಪಿನ ಪಿಎಒ ಅನ್ನುವುದು ಕಾರ್ಖಾನೆಯಲ್ಲಿ ಕಟ್ಟಿದ್ದು. ಮೂರನೇ ಗುಂಪು ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಜಲಜನಕ ಹಾಯಿಸಿ ಚೆನ್ನಾಗಿ ಸಂಸ್ಕರಿಸಿದ್ದು. ಮೂರನೇ ಗುಂಪನ್ನು ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ತಕರಾರು ಎದ್ದಿತ್ತು. ಅಲ್ಲಿಯ ಜಾಹೀರಾತು ವಿವಾದ ನೋಡುವ ಮಂಡಳಿ 1999ರಲ್ಲಿ ಅನ್ನಬಹುದು ಅಂತ ಹೇಳಿತು. ಆಮೇಲೆ ಅಂಗಡಿಗಳಲ್ಲಿ ಫುಲ್ ಸಿಂಥೆಟಿಕ್ ಹೆಸರಿನಲ್ಲಿ ಮೂರನೇ ಗುಂಪಿನದೇ ಜಾಸ್ತಿ ಬರತೊಡಗಿತು. ಅದರಲ್ಲಿ ಮೋಸ ಏನಿಲ್ಲ, ಒಳ್ಳೆಯ ಎಣ್ಣೆಯೇ. ಇನ್ನು "ಸೆಮಿ ಸಿಂಥೆಟಿಕ್" ಅಂದರೆ ಮಿನರಲ್, ಸಿಂಥೆಟಿಕ್ ಎರಡೂ ಬೆರೆಸಿದ್ದು. ಯಾವುದು ಎಷ್ಟು ಭಾಗ ಅಂತ ಡಬ್ಬಿ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ನಾನು ಡಬ್ಬಿಯಲ್ಲಿ ಮೊದಲು ನೋಡುವುದು ಗ್ರೇಡ್ ಮತ್ತು ಎಪಿಐ ಗುಣಮಟ್ಟದ ಗುರುತು. ಪೆಟ್ರೋಲ್ ಕಾರಿಗೆ ಎಸ್‌ಎನ್ 2010ರ ಮಟ್ಟ, ಎಸ್‌ಪಿ 2020ರ ಮಟ್ಟ. ಮ್ಯಾನ್ಯುಯಲ್‌ನಲ್ಲಿ ಎಸ್‌ಎನ್ ಇದ್ದರೆ ಎಸ್‌ಪಿ ಹಾಕಬಹುದು.

ಸಿಂಥೆಟಿಕ್ ಮೇಲು ಅನ್ನುವುದಕ್ಕೆ ಪುರಾವೆ ಇದೆ. ಅಮೆರಿಕದ ವಾಹನ ಮಾಲೀಕರ ದೊಡ್ಡ ಸಂಘ ಎಎಎ 2017ರಲ್ಲಿ ಐದು ಸಿಂಥೆಟಿಕ್, ಐದು ಸಾಮಾನ್ಯ ಆಯಿಲ್‌ಗಳನ್ನು ಪರೀಕ್ಷೆಗೆ ಹಾಕಿತ್ತು. ಸಿಂಥೆಟಿಕ್ ಸರಾಸರಿ ಸುಮಾರು ಶೇಕಡಾ 47ರಷ್ಟು ಮುಂದಿತ್ತು. ಇದನ್ನು ಕೇಳಿ "ಎಂಜಿನ್ 47 ಪರ್ಸೆಂಟ್ ಜಾಸ್ತಿ ಬಾಳುತ್ತೆ" ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಅಲ್ಲಿ ಪರೀಕ್ಷೆ ಮಾಡಿದ್ದು ಆಯಿಲ್‌ಗಳನ್ನು, ಎಷ್ಟು ವರ್ಷ ಎಂಜಿನ್ ಬಾಳಿತು ಅಂತ ಅಲ್ಲ. ಆ ಪರೀಕ್ಷೆಗಳಲ್ಲಿ ಕೊರೆಯುವ ಚಳಿಯಲ್ಲಿ ಆಯಿಲ್ ಹರಿಯುತ್ತದಾ ಅನ್ನುವುದೂ ಒಂದು. ಹಾಸನದಲ್ಲಿ ಆ ಅಂಕ ನಮಗೆ ಲೆಕ್ಕಕ್ಕೆ ಬರುವುದಿಲ್ಲ.

ಲೀಕ್ ಆಗುತ್ತದೆ ಅನ್ನುವ ಮಾತು. ನಿಮ್ಮ ಅಣ್ಣನ ಅನುಭವವನ್ನು ನಾನು ಸುಳ್ಳು ಅನ್ನುವುದಿಲ್ಲ. 1970ರ ದಶಕದ ಮೊದಮೊದಲ ಸಿಂಥೆಟಿಕ್‌ಗಳಲ್ಲಿ ರಬ್ಬರ್ ಸೀಲ್ ಕುಗ್ಗುವ ತೊಂದರೆ ನಿಜವಾಗಿಯೂ ಇತ್ತು. ಈಗ ಸೀಲ್ ಮೆತ್ತಗಿರಲು ಬೇಕಾದ ಅಂಶವನ್ನು ಸೇರಿಸಿಯೇ ಆಯಿಲ್ ಮಾಡುತ್ತಾರೆ. ಹಾಗಾದರೆ ಗ್ಯಾರೇಜಿನಲ್ಲಿ ಲೀಕ್ ಕಾಣುವುದು ಏಕೆ? ಹತ್ತು ವರ್ಷದ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬಿಸಿಗೆ ಒಣಗಿ ಚಪ್ಪಟೆಯಾಗಿರುತ್ತದೆ. ಅದರ ಸಂದಿನಲ್ಲಿ ಹಳೆ ಆಯಿಲ್ ಜಿಡ್ಡು ಕೂತು ಬಾಯಿ ಮುಚ್ಚಿರುತ್ತದೆ. ಹೊಸ ಆಯಿಲ್‌ನಲ್ಲಿ ಕೊಳೆ ತೊಳೆಯುವ ಅಂಶ ಇರುತ್ತದೆ, ಅದು ಜಿಡ್ಡನ್ನು ಕರಗಿಸುತ್ತದೆ. ತೆಳು ಆಯಿಲ್ ಆ ಸಂದಿನಿಂದ ಹೊರಗೆ ಜಿನುಗುತ್ತದೆ. ಆಯಿಲ್ ಸೀಲ್ ಕೆಡಿಸಲಿಲ್ಲ, ಕೆಟ್ಟಿದ್ದ ಸೀಲ್ ಕಾಣಿಸಿತು. ಪ್ಯಾಕಿಂಗ್ ಬದಲಾಯಿಸಿದರೆ ನಿಲ್ಲುತ್ತದೆ, ದೊಡ್ಡ ಖರ್ಚಿಲ್ಲ. ಆದರೆ ಹಿಂಬದಿಯ ಕ್ರ್ಯಾಂಕ್ ಸೀಲ್ ಹೋಗಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಜಾಸ್ತಿ. ಅದಕ್ಕೇ ಆಯಿಲ್ ಬದಲಾಯಿಸುವ ಮೊದಲೇ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಎಂಜಿನ್, ಗೇರ್‌ಬಾಕ್ಸ್ ಸೇರುವ ಜಾಗ ಒದ್ದೆಯಾಗಿದೆಯಾ ಅಂತ ಬೆರಳಿಟ್ಟು ನೋಡಲು ಹೇಳಿ.

ಇನ್ನು ಭಾವನವರ 20,000. ಈ ಮಾತು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ, ಏಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಾರು ನನ್ನ ಗ್ಯಾರೇಜಿಗೆ ಟೋ ಆಗಿ ಬಂತು. 60,000 ಕೂಡ ಓಡಿರಲಿಲ್ಲ. ಮಾಲೀಕರು ಯಾವಾಗಲೂ ಒಳ್ಳೆಯ ಬ್ರ್ಯಾಂಡಿನ ಫುಲ್ ಸಿಂಥೆಟಿಕ್ ಹಾಕಿಸುತ್ತಿದ್ದರು, ಬಿಲ್ಲುಗಳನ್ನೂ ಜೋಪಾನವಾಗಿ ಇಟ್ಟಿದ್ದರು. ಕೊನೆಯ ಸಲ ಹಾಕಿಸಿ ಎರಡೂವರೆ ವರ್ಷ ಆಗಿತ್ತು. ಸಿಂಥೆಟಿಕ್ ಅಲ್ವಾ, ಬಾಳಿಕೆ ಬರುತ್ತದೆ ಅಂತ ಬಿಟ್ಟಿದ್ದರು. ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಸುರಿಯಲಿಲ್ಲ, ಜೋನಿಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಚೇಂಬರ್ ಬಿಚ್ಚಿದಾಗ ಪಂಪಿನ ಜರಡಿ ಮುಕ್ಕಾಲು ಭಾಗ ಕಪ್ಪು ಮೇಣದಿಂದ ಮುಚ್ಚಿತ್ತು. ಬೇರಿಂಗ್‌ಗಳನ್ನು ಕೈಯಲ್ಲಿ ಹಿಡಿದರೆ ತಾಮ್ರದ ಬಣ್ಣ ಕಾಣುತ್ತಿತ್ತು, ಮೇಲಿನ ಪದರ ಪೂರ್ತಿ ತಿಂದುಹೋಗಿತ್ತು. ಅದೇ ತಿಂಗಳು ಬೆಂಗಳೂರಿಗೆ ಬಾಡಿಗೆ ಓಡಿಸುವ ಒಬ್ಬರ ಟ್ಯಾಕ್ಸಿ ಕ್ಲಚ್ ಕೆಲಸಕ್ಕೆ ಬಂದಿತ್ತು. ಮೂರು ಲಕ್ಷ ಕಿ.ಮೀ. ದಾಟಿತ್ತು, ರಿಪೇರಿಗೆ ಅಂತ ಎಂಜಿನ್ ಹೆಡ್ ಇಳಿಸಿಯೇ ಇರಲಿಲ್ಲ. ಸೆಮಿ ಸಿಂಥೆಟಿಕ್, ಸರಿಯಾದ ಗ್ರೇಡ್, ಒಂದು ಸಲವೂ ತಪ್ಪದೆ ಬದಲಾವಣೆ. ಆ ಟ್ಯಾಕ್ಸಿಯ ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ ಒಳಗೆ ಕ್ಯಾಮ್ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು.

ಆಯಿಲ್ ಕೆಡುವುದು ಮೂಲ ಎಣ್ಣೆ ಹಳೆಯದಾಗಿ ಮಾತ್ರ ಅಲ್ಲ. ಅದರಲ್ಲಿ ಬೆರೆಸಿರುವ ಕೊಳೆ ತೊಳೆಯುವ, ಆಮ್ಲ ತಡೆಯುವ, ಸವೆತ ತಡೆಯುವ ರಾಸಾಯನಿಕಗಳು ಕೆಲಸ ಮಾಡುತ್ತಾ ಮಾಡುತ್ತಾ ಖರ್ಚಾಗುತ್ತವೆ. ಜೊತೆಗೆ ಹೊರಗಿನದು ಸೇರುತ್ತದೆ: ಸುಡದೆ ಉಳಿದ ಪೆಟ್ರೋಲ್, ಹೊಗೆಯ ಮಸಿ, ನೀರು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಹೊರಗೆ ಹೋಗುತ್ತದೆ. ಆರು ಕಿ.ಮೀ.ಗೆ ನಿಮ್ಮ ಕೂಲಂಟ್ ಬಿಸಿಯಾಗಿರುತ್ತದೆ, ಮೀಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ. ಆದರೆ ಆಯಿಲ್ ಅದಕ್ಕಿಂತ ನಿಧಾನವಾಗಿ ಬಿಸಿಯಾಗುವುದು. ಅದು ಕಾಯುವ ಹೊತ್ತಿಗೆ ನೀವು ಶಾಲೆ ತಲುಪಿ ಕೀ ತೆಗೆದಿರುತ್ತೀರಿ. ನೀರು ಒಳಗೇ ಉಳಿಯುತ್ತದೆ.

ಮಳೆಗಾಲದಲ್ಲಿ ಒಮ್ಮೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಒಳಭಾಗ ನೋಡಿ. ಕಾಫಿ ಮೇಲಿನ ನೊರೆ ಗಟ್ಟಿಯಾದ ಹಾಗೆ ಬಿಳಿ ಮಿಶ್ರ ಕಂದು ಬಣ್ಣದ ಪದರ ಇರಬಹುದು. ಕಂಡರೆ ಗಾಬರಿ ಆಗಬೇಡಿ. ಹತ್ತಿರದ ಓಡಾಟದ ಕಾರುಗಳಲ್ಲಿ ಇದು ಸಾಮಾನ್ಯ, ಒಂದು ಸಲ ಬೆಂಗಳೂರಿಗೆ ಹೋಗಿ ಬಂದರೆ ಬಹುತೇಕ ಹೋಗುತ್ತದೆ. ಹೋಗದೆ ಉಳಿದು, ಜೊತೆಗೆ ಕೂಲಂಟ್ ಕೂಡ ಕಡಿಮೆ ಆಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಬೇಕು. ಈ ನೀರು, ಪೆಟ್ರೋಲ್ ಸೇರುವುದನ್ನು ಎಷ್ಟೇ ದುಬಾರಿ ಆಯಿಲ್ ಆದರೂ ತಡೆಯಲಾರದು. ಬದಲಾಯಿಸುವುದೊಂದೇ ದಾರಿ. ಮ್ಯಾನ್ಯುಯಲ್‌ಗಳಲ್ಲಿ "10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಬರೆಯುವುದು ಇದಕ್ಕೇ. ಭಾವನವರ ಲೆಕ್ಕ ಹಿಡಿದರೆ ನೀವು 20,000 ಮುಟ್ಟುವುದಕ್ಕೆ ನಾಲ್ಕು ವರ್ಷ ಬೇಕು!

ಹಾಗಾದರೆ ಹಣದ ಲೆಕ್ಕ. ನಿಮ್ಮ ಎರಡು ಬಿಲ್ಲಿನ ನಡುವಿನ ವ್ಯತ್ಯಾಸ 1,200 ರೂಪಾಯಿ. ವರ್ಷಕ್ಕೆ ಒಂದು ಸಲ ಬದಲಾವಣೆ, ಅಂದರೆ ತಿಂಗಳಿಗೆ ನೂರು. ಸಿಂಥೆಟಿಕ್ ತನ್ನ ಜಾಸ್ತಿ ಬೆಲೆಯನ್ನು ವಾಪಸ್ ಕೊಡುವ ಒಂದು ದೊಡ್ಡ ದಾರಿ ಎಂದರೆ ಜಾಸ್ತಿ ಕಿಲೋಮೀಟರ್ ಓಡುವುದು. ತಿಂಗಳಿಗೆ ಎರಡು ಸಾವಿರ ಓಡಿಸುವವರು ಐದು ಸಾವಿರಕ್ಕೆ ಬದಲಾಯಿಸುವ ಬದಲು ಹತ್ತು ಸಾವಿರಕ್ಕೆ ಬದಲಾಯಿಸಿದರೆ ದುಡ್ಡು ಸರಿಹೋಗುತ್ತದೆ, ಕೂಲಿ, ಫಿಲ್ಟರ್ ಉಳಿಯುತ್ತದೆ. ನಿಮ್ಮಲ್ಲಿ ಆ ಕಿಲೋಮೀಟರ್ ಇಲ್ಲ. ಅಣ್ಣನ ಐದು ಸಾವಿರ ಅಂದರೂ ಒಂದು ವರ್ಷ, ಮ್ಯಾನ್ಯುಯಲ್ ಅಂದರೂ ಒಂದು ವರ್ಷ. ಮೈಲೇಜಿನಲ್ಲಿ ಉಳಿಯುತ್ತದಾ? 20ಡಬ್ಲ್ಯೂ-40ರಿಂದ 5ಡಬ್ಲ್ಯೂ-30ಗೆ ಬಂದರೆ ಹೆಚ್ಚೆಂದರೆ ಒಂದೆರಡು ಪರ್ಸೆಂಟ್. ಲೀಟರಿಗೆ 16 ಕಿ.ಮೀ., ನೂರು ರೂಪಾಯಿ ಪೆಟ್ರೋಲ್ ಅಂತ ಹಿಡಿದರೆ ವರ್ಷಕ್ಕೆ ನಿಮಗೆ 31,000 ರೂಪಾಯಿ ಪೆಟ್ರೋಲ್ ಬೇಕು. ಉಳಿಯುವುದು 300ರಿಂದ 600. ಅದೂ ಗ್ರೇಡ್ ಸರಿಮಾಡಿದ್ದಕ್ಕೆ ಬಂದ ಉಳಿತಾಯ, ಸಿಂಥೆಟಿಕ್ ಅನ್ನುವ ಹೆಸರಿಗೆ ಬಂದದ್ದಲ್ಲ.

ನನ್ನ ಕಾರಾಗಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ನೇರವಾಗಿ ಹೇಳುತ್ತೇನೆ. ಮ್ಯಾನ್ಯುಯಲ್‌ನಲ್ಲಿ 5ಡಬ್ಲ್ಯೂ-30 ಇದ್ದರೆ ಆ ಗ್ರೇಡಿನ ಸೆಮಿ ಸಿಂಥೆಟಿಕ್, ಎಪಿಐ ಎಸ್‌ಎನ್ ಅಥವಾ ಎಸ್‌ಪಿ, ಜೊತೆಗೆ ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಶರ್. ವರ್ಷಕ್ಕೊಮ್ಮೆ ತಪ್ಪದೆ ಬದಲಾವಣೆ. ಫುಲ್ ಸಿಂಥೆಟಿಕ್‌ಗೂ ಅದಕ್ಕೂ ಐದಾರು ನೂರರ ವ್ಯತ್ಯಾಸ ಅಷ್ಟೇ ಇದ್ದರೆ ಫುಲ್ ಸಿಂಥೆಟಿಕ್ಕೇ ಹಾಕಿಸುತ್ತಿದ್ದೆ, ಅದರಿಂದ ಕೆಟ್ಟದ್ದಂತೂ ಇಲ್ಲ. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯೂ-20 ಇದ್ದರೆ ಯೋಚನೆಯೇ ಬೇಡ. ಆ ಗ್ರೇಡನ್ನು ಸಾದಾ ಮಿನರಲ್ ಎಣ್ಣೆಯಲ್ಲಿ ಮಾಡುವುದಕ್ಕೆ ಆಗುವುದಿಲ್ಲ, ಸಿಂಥೆಟಿಕ್ಕೇ ತೆಗೆದುಕೊಳ್ಳಬೇಕು.

ಆದರೆ ಒಂದೇ ಸಲಕ್ಕೆ ಬದಲಾಯಿಸಿ ಒಂದು ವರ್ಷ ಬಿಡಬೇಡಿ. ಮೊದಲ ಸಲ ಹೊಸ ಗ್ರೇಡ್ ಹಾಕಿದಾಗ ಒಳಗಿನ ಹಳೆ ಜಿಡ್ಡು ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಅದಕ್ಕಾಗಿ ಮೊದಲನೆಯದನ್ನು ಮೂರು ಸಾವಿರ ಕಿ.ಮೀ. ಅಥವಾ ಆರು ತಿಂಗಳಿಗೆ ಬದಲಾಯಿಸಿ, ಫಿಲ್ಟರ್ ಸಮೇತ. ಆಮೇಲೆ ವರ್ಷದ ಲೆಕ್ಕ. "ಎಂಜಿನ್ ಫ್ಲಶ್ ಮಾಡಿಸೋಣ" ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಹತ್ತು ವರ್ಷದ ಜಿಡ್ಡು ಹತ್ತು ನಿಮಿಷದಲ್ಲಿ ಕಿತ್ತುಬಂದರೆ ಅದು ನೇರ ಹೋಗಿ ಕೂರುವುದು ಪಂಪಿನ ಜರಡಿಯಲ್ಲಿ.

ತಿಂಗಳಿಗೆ ಎರಡು ಸಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ. ಒರೆಸಿ, ಪೂರ್ತಿ ಇಳಿಸಿ, ಮತ್ತೆ ತೆಗೆದು ನೋಡಿ. ಎರಡು ಗುರುತಿನ ಮಧ್ಯೆ ಇರಬೇಕು. 90,000 ದಾಟಿದ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ತೆಳು ಗ್ರೇಡಿಗೆ ಬಂದ ಮೇಲೆ ಕುಡಿಯುವುದು ಜಾಸ್ತಿ ಆದರೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಂಡರೆ ತೋರಿಸಿ. ಮೇಲಿನ ಗುರುತು ದಾಟಿಸಿ ಹಾಕಿಸುವುದೂ ತಪ್ಪು. ಜಾಸ್ತಿಯಾದ ಆಯಿಲ್ ಕ್ರ್ಯಾಂಕಿಗೆ ತಾಗಿ ನೊರೆ ಏಳುತ್ತದೆ, ಸೀಲ್‌ಗಳ ಮೇಲೂ ಒತ್ತಡ ಬೀಳುತ್ತದೆ.

ಹಾಗಂತ ಎಲ್ಲರಿಗೂ ನಾನು ಇದೇ ಮಾತು ಹೇಳುವುದಿಲ್ಲ. ಟರ್ಬೊ ಇರುವ ಪೆಟ್ರೋಲ್ ಕಾರಾದರೆ ಫುಲ್ ಸಿಂಥೆಟಿಕ್‌ಗೆ ಕೊಟ್ಟ ಒಂದೊಂದು ರೂಪಾಯಿಯೂ ಸಾರ್ಥಕ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಅದನ್ನು ತೇಲಿಸಿ ಹಿಡಿಯುವುದು ಆಯಿಲ್ ಪದರ ಒಂದೇ. ಶಿರಾಡಿ ಘಾಟ್ ಹತ್ತಿ ಬಂದು ತಕ್ಷಣ ಆಫ್ ಮಾಡಿದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಕರಿಕಟ್ಟುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಹೊಗೆ ನಿಯಮದ ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ತಪ್ಪು ಆಯಿಲ್ ಹಾಕಿದರೆ ಬೂದಿ ಕೂತು ಡಿಪಿಎಫ್ ಕಟ್ಟಿಕೊಳ್ಳುತ್ತದೆ, ಅದರ ಬೆಲೆಗೆ ಆಯಿಲ್ ಲೆಕ್ಕವೇ ಅಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಮೂರು ಗಂಟೆ ಎಸಿ ಹಾಕಿ ನಿಲ್ಲುವವರ ಮೀಟರ್ ಕಡಿಮೆ ತೋರಿಸುತ್ತದೆ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಅವರಿಗೂ ಸಿಂಥೆಟಿಕ್ ಒಳ್ಳೆಯದು. ಇಲ್ಲಿಂದ ಲಡಾಖ್‌ಗೆ ಗಾಡಿ ಹೊಡೆಯುವವರಿಗೂ ಅಷ್ಟೇ.

ಎರಡು ಸಣ್ಣ ಅನುಮಾನ ಅನೇಕರಿಗೆ ಇರುತ್ತದೆ. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್ ಹಾಕಬಾರದು ಅನ್ನುವುದು ಸುಳ್ಳು. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಬೇರೆ ಸಿಗದಿದ್ದರೆ ಮಿನರಲ್ ಬೆರೆಸಿ ಊರು ಸೇರಬಹುದು, ಮೊಸರಿನ ಹಾಗೆ ಒಡೆಯುವುದಿಲ್ಲ. ಆಯಿಲ್ ಕಪ್ಪಾದರೆ ಕೆಟ್ಟಿತು ಅನ್ನುವುದೂ ಪೂರ್ತಿ ನಿಜ ಅಲ್ಲ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಂಡಿದೆ ಅಂತ ಅರ್ಥ, ಅದೇ ಅದರ ಕೆಲಸ.

ಡಬ್ಬಿ ನೀವೇ ತರುವುದಾದರೆ ಬಿಲ್ ಕೊಡುವ, ಅಧಿಕೃತ ಡೀಲರ್ ಹತ್ತಿರವೇ ತನ್ನಿ. ನಕಲಿ ಆಯಿಲ್ ಇದೆ. ಅಸಲಿ ಮಿನರಲ್ ಮುಂದೆ ನಕಲಿ ಸಿಂಥೆಟಿಕ್ ವಿಷ. ಮುಚ್ಚಳದ ಸುತ್ತಿನ ಉಂಗುರ ನಿಮ್ಮ ಮುಂದೆಯೇ ಮುರಿಯಲಿ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ತೂತು ಹೊಡೆಸಿ ಬಿಡಿ, ಅದು ಗುಜರಿಗೆ ಹೋಗಿ ಮತ್ತೆ ತುಂಬಿ ಬರುವುದು ತಪ್ಪುತ್ತದೆ.

ಕೊನೆಗೆ ಉಳಿದ ಅರ್ಧ ಲೀಟರ್. ಯಜಮಾನರ ಬೈಕಿಗೆ ದಯವಿಟ್ಟು ಹಾಕಬೇಡಿ. ಕಾರಿನಲ್ಲಿ ಕ್ಲಚ್ ಒಣಗಿದ ಜಾಗದಲ್ಲಿ, ಆಯಿಲ್‌ನಿಂದ ದೂರ ಇರುತ್ತದೆ. ಗೇರ್ ಇರುವ ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಪ್ಲೇಟ್ ಮೂರೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಅಂಶ ಇರುತ್ತದೆ, ಅದು ಕ್ಲಚ್ ಪ್ಲೇಟಿಗೆ ಹತ್ತಿದರೆ ಪ್ಲೇಟ್ ಜಾರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಸದ್ದು ಏರುತ್ತದೆ, ಗಾಡಿ ಎಳೆಯುವುದಿಲ್ಲ. ಅವರ ಬೈಕಿಗೆ ಡಬ್ಬಿ ಮೇಲೆ ಜಪಾನಿನ ಗುಣಮಟ್ಟ ಸಂಸ್ಥೆ ಜಾಸೋದ ಎಂಎ ಅಥವಾ ಎಂಎ2 ಗುರುತು ಇರುವ ಆಯಿಲ್ಲೇ ಬೇಕು, ಗ್ರೇಡ್ ಅವರ ಮ್ಯಾನ್ಯುಯಲ್ ಪ್ರಕಾರ. ಕಾರಿನ ಅರ್ಧ ಲೀಟರನ್ನು ಮುಚ್ಚಳ ಬಿಗಿ ಮಾಡಿ, ಡಬ್ಬಿ ಮೇಲೆ ತಾರೀಕು ಬರೆದು, ನೆಟ್ಟಗೆ ನಿಲ್ಲುವ ಹಾಗೆ ಡಿಕ್ಕಿಯಲ್ಲಿ ಇಡಿ. ಡಿಪ್‌ಸ್ಟಿಕ್ ಕೆಳಗಿನ ಗುರುತಿಗೆ ಬಂದ ದಿನ ಅದು ಬೇಕಾಗುತ್ತದೆ.